ರೊಮೇನಿಯಾದ ಬೆಟ್ಟದ ಹಳ್ಳಿಗಳಿಗೆ ಗುಂಪಿನಲ್ಲಿ ಫೋಟೋ ಪ್ರವಾಸ: ಹೋಗಿ ಬಂದವರು ಯಾರಾದರೂ ಇದ್ದೀರಾ?

ತೋಟದ ಬದಿ, ಶಿರಸಿ

ನಮ್ಮ ಮನೆ ಶಿರಸಿ–ಸಿದ್ದಾಪುರ ರಸ್ತೆಯಿಂದ ಸ್ವಲ್ಪ ಒಳಗೆ. ಅಡಿಕೆ, ಕಾಳುಮೆಣಸು, ನಾಲ್ಕು ಬಾಳೆ. ಕ್ಯಾಮೆರಾ ಹುಚ್ಚು ಕಾಲೇಜಿನ ದಿನದ್ದು. ಮಾರಿಕಾಂಬಾ ಜಾತ್ರೆ, ಬೇಡರ ವೇಷ, ಯಕ್ಷಗಾನ ಆಟದ ಚೌಕಿ (ಬಣ್ಣ ಹಚ್ಚುವ ಜಾಗ), ಮಳೆಗಾಲದ ಕಪ್ಪೆ, ಇಷ್ಟರಲ್ಲೇ ತಿರುಗುತ್ತಾ ಇದ್ದವನು. ಈಗ ಮಗಳು ‘ಅಪ್ಪಾ, ಒಂದ್ಸಲ ಹೊರದೇಶಕ್ಕೆ ಹೋಗಿ ಬಾ, ಅರ್ಧ ದುಡ್ಡು ನಾನು ಹಾಕ್ತೆ’ ಅಂದಿದ್ದಾಳೆ.

ಬೆಂಗಳೂರಿನ ಒಬ್ಬ ಫೋಟೋಗ್ರಾಫರ್ ರೊಮೇನಿಯಾದ ಉತ್ತರದ ತುದಿಯಲ್ಲಿರುವ ಮರಮುರೆಶ್ ಎಂಬ ಸೀಮೆಗೆ ಗುಂಪು ಕರೆದುಕೊಂಡು ಹೋಗುತ್ತಾರಂತೆ. ಮರದ ಚರ್ಚುಗಳು, ಕುದುರೆ ಗಾಡಿ, ಹುಲ್ಲಿನ ಬಣವೆ, ಕೈಯಲ್ಲೇ ಹುಲ್ಲು ಕೊಯ್ಯುವ ಜನ. ಅವರು ಕಳಿಸಿದ ಫೋಟೋ ನೋಡಿದರೆ ನಿದ್ದೆ ಬರುವುದಿಲ್ಲ. ಒಟ್ಟು 12 ಜನ, ಒಬ್ಬರು ಗುರುಗಳು, ಒಬ್ಬ ಅಲ್ಲಿಯ ಗೈಡು. ಜೂನ್ ಕೊನೆಗೆ ಒಂದು ತಂಡ, ಅಕ್ಟೋಬರ್ ಮೊದಲ ವಾರಕ್ಕೆ ಇನ್ನೊಂದು.

ನನ್ನ ತಲೆಬಿಸಿ ಏನೆಂದರೆ, 12 ಕ್ಯಾಮೆರಾ ಒಂದು ಹಳ್ಳಿಗೆ ನುಗ್ಗಿದರೆ ಫೋಟೋ ಅಂತ ಏನಾದರೂ ಸಿಗುತ್ತದೆಯೇ? ಒಬ್ಬನೇ ಹೋಗುವ ಧೈರ್ಯವಂತೂ ಇಲ್ಲ. ನಾನು ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಅಲ್ಲಿ ಉಪವಾಸ ಬಿದ್ದು ಬರಬೇಕಾ? ವೀಸಾಕ್ಕೆ ಸಂಬಳದ ಚೀಟಿ ಕೇಳುತ್ತಾರೆ ಅಂತ ಕೇಳಿದ್ದೇನೆ. ನನ್ನದು ತೋಟದ ಆದಾಯ. ಎಲ್ಲಿಂದ ಚೀಟಿ ತರಲಿ? ಲೆನ್ಸ್ ಯಾವುದು ಒಯ್ಯಬೇಕು ಅಂತಲೂ ಹೇಳಿ. ತಮಾಷೆ ಮಾಡುವವರು ಮಾಡಿ, ಆದರೆ ಕೊನೆಗೆ ಉತ್ತರ ಕೊಡಿ.

ಕಾಳಿ ದಡ, ಕಾರವಾರ

ಹಳ್ಳಿ ನೋಡಲು ರೊಮೇನಿಯಾ ಯಾಕೆ ಮಾರಾಯ್ರೇ? ಮಾಜಾಳಿಗೆ ಬನ್ನಿ, ರಂಪಣಿ ಬಲೆ ಎಳೆಯುವುದನ್ನು ಪುಕ್ಕಟೆ ತೋರಿಸುತ್ತೇನೆ.

ಸರಿ, ತಮಾಷೆ ಮುಗಿಯಿತು. ಲೆನ್ಸ್ ವಿಷಯ ನನಗೆ ಬಿಡಿ. ಆ ಮರದ ಮನೆಗಳ ಒಳಗೆ ಕಿಟಕಿ ಸಣ್ಣದು, ಬೆಳಕು ಕಮ್ಮಿ. ನೀವು ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ತೆಗೆದವರು, ನಿಮಗೆ ಅಭ್ಯಾಸ ಇದೆ. ಕಮ್ಮಿ ಬೆಳಕಿಗೂ ಸಾಲುವ 35 ಎಂಎಂ ಎಫ್ 1.8 ಲೆನ್ಸ್ ಒಂದು ಇದ್ದರೆ ಮನೆಯೊಳಗಿನ ಕೆಲಸ ಮುಗಿಯಿತು. ಹೊರಗಿನ ಗುಡ್ಡ, ಬಣವೆಗೆ ದೂರದ್ದನ್ನು ಹತ್ತಿರ ತರುವ 70–200 ಎಫ್ 4. ಎಫ್ 2.8 ಬೇಡ, ಆ ಭಾರ ಹೊತ್ತು ಬೆಟ್ಟ ಹತ್ತುವ ವಯಸ್ಸು ನಮ್ಮದಲ್ಲ. ಹಕ್ಕಿ ತೆಗೆಯುವ ಆ ದೊಡ್ಡ ತೋಪನ್ನು ಮನೆಯಲ್ಲೇ ಇಡಿ.

ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಚೆಕ್‌ಇನ್ ಸೂಟ್‌ಕೇಸಿಗೆ ಹಾಕಿದರೆ ತೆಗೆಸುತ್ತಾರೆ. ಇನ್ನೊಂದು, ಬಹಳ ಜನರಿಗೆ ಗೊತ್ತಿಲ್ಲ. ಬೆಲೆಬಾಳುವ ಕ್ಯಾಮೆರಾ ಇದ್ದರೆ ಹೋಗುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ, ಸೀರಿಯಲ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ‘ಇದು ಅಲ್ಲಿ ಕೊಂಡಿದ್ದಲ್ಲ’ ಅಂತ ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ನಿವೃತ್ತ ಮಾಸ್ತರು, ಕುಮಟಾ

ನಾನು ಹೋಗಿದ್ದೆ. ನಿವೃತ್ತಿ ಆದ ಮೇಲೆ, ಇಂಥದೇ ಒಂದು ಗುಂಪಿನ ಜೊತೆ, ಇದೇ ಮರಮುರೆಶ್‌ಗೆ. ಯಾರ ಗುಂಪು ಅಂತ ಕೇಳಬೇಡಿ, ಹೇಳುವುದಿಲ್ಲ. ಜಾಗದ ಬಗ್ಗೆ ನನ್ನ ದೂರಿಲ್ಲ. ಗುಂಪು ನಡೆಸುವ ರೀತಿಯ ಬಗ್ಗೆ ಇದೆ. ನೀವು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಊಟ, ವೀಸಾ ಎಲ್ಲ ಹೇಗೋ ಆಗುತ್ತದೆ.

ಬ್ರೆಬ್ ಅಂತ ಒಂದು ಹಳ್ಳಿ. ಅಲ್ಲೊಂದು ಅಂಗಳದಲ್ಲಿ ಅಜ್ಜಿ ಉಣ್ಣೆ ನೂಲುತ್ತಾ ಕೂತಿದ್ದರು. ಮೊದಲೇ ಹೇಳಿ ಕೂರಿಸಿದ್ದು, ಅದು ನೋಡಿದರೇ ಗೊತ್ತಾಗುತ್ತಿತ್ತು. ನಾವೆಲ್ಲ ಅರ್ಧಚಂದ್ರಾಕಾರವಾಗಿ ನಿಂತೆವು. ಹಿಂದಿನವರು ಮುಂದಿನವರಿಗೆ ‘ಸರ್, ಸ್ವಲ್ಪ ಬಗ್ಗಿ’ ಅನ್ನುವುದು. ಗುರುಗಳು ‘ತಲೆ ಎಡಕ್ಕೆ’ ಅಂತ ಗೈಡಿಗೆ, ಗೈಡು ಅಜ್ಜಿಗೆ. ಅಜ್ಜಿ ಪಾಪ ಅದೇ ಎಳೆಯನ್ನು ಮತ್ತೆ ಮತ್ತೆ ಎಳೆಯುತ್ತಿದ್ದರು. ರಾತ್ರಿ ಹೋಟೆಲಿನಲ್ಲಿ ಎಲ್ಲರ ಫೋಟೋ ಪರದೆಗೆ ಹಾಕಿದಾಗ ಯಾವುದು ಯಾರದ್ದು ಅಂತ ನಮಗೇ ತಿಳಿಯಲಿಲ್ಲ. ಅಷ್ಟು ದುಡ್ಡು ಕೊಟ್ಟು ಒಂದೇ ಫೋಟೋವನ್ನು ಹನ್ನೆರಡು ಜನ ಹಂಚಿಕೊಂಡ ಹಾಗಾಯಿತು.

ಮರುದಿನ ಬಸ್ಸು ಸಪನ್ತ್ಸಾದ ಬಣ್ಣದ ಸ್ಮಶಾನಕ್ಕೆ ಹೊರಟಿತು. ನಾನು ಗೈಡಿಗೆ ಹೇಳಿ ಉಳಿದುಕೊಂಡೆ. ನಾವಿದ್ದ ಮನೆಯವರು ಅವತ್ತು ಗುಡ್ಡದ ಮೇಲೆ ಬಣವೆ ಕಟ್ಟುವವರಿದ್ದರು. ನಾನೂ ಹೋದೆ. ಮೊದಲ ಒಂದು ಗಂಟೆ ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯಲೇ ಇಲ್ಲ, ಹುಲ್ಲು ಒಟ್ಟುಮಾಡಿದೆ.

ಬಣವೆ ಕಟ್ಟುವುದನ್ನು ಅಲ್ಲಿ ನೋಡಬೇಕು. ನಡುವೆ ಒಂದು ಉದ್ದ ಕಂಬ ನೆಡುತ್ತಾರೆ. ಬುಡಕ್ಕೆ ಕೊಂಬೆ ಹಾಸುತ್ತಾರೆ, ನೆಲದ ತೇವ ಹುಲ್ಲಿಗೆ ತಾಗಬಾರದಲ್ಲ. ಕೆಳಗಿನವರು ಕವಲುಗೋಲಿನಲ್ಲಿ ಹುಲ್ಲು ಎತ್ತಿ ಎತ್ತಿ ಕೊಡುತ್ತಾರೆ. ಮೇಲೆ ನಿಂತವರು ಒಂದು ಕೈಯಲ್ಲಿ ಕಂಬ ಹಿಡಿದು ಸುತ್ತಲೂ ತುಳಿಯುತ್ತಾ ಹೋಗುತ್ತಾರೆ. ಬಣವೆ ಎದ್ದ ಹಾಗೆ ಅವರೂ ಮೇಲೆ ಮೇಲೆ. ಕೊನೆಗೆ ಮರದ ಹಲ್ಲಿನ ಉದ್ದ ಕೋಲಿನಿಂದ ಹೊರಮೈಯನ್ನು ಮೇಲಿಂದ ಕೆಳಕ್ಕೆ ಬಾಚುತ್ತಾರೆ. ಹುಲ್ಲಿನ ಎಳೆಗಳೆಲ್ಲ ಕೆಳಮುಖ ಆದರೆ ಮಳೆನೀರು ಒಳಗೆ ಇಳಿಯದೆ ಜಾರಿಹೋಗುತ್ತದೆ. ಹುಲ್ಲು ಕೊಯ್ಯುವವನ ಸೊಂಟದಲ್ಲಿ ಒಂದು ಕೊಳವೆ ತೂಗುತ್ತಿರುತ್ತದೆ. ಅದರಲ್ಲಿ ನೀರು, ನೀರಲ್ಲಿ ಸಾಣೆಕಲ್ಲು. ನಾಲ್ಕು ಸಾಲು ಕೊಯ್ಯುವುದು, ನಿಲ್ಲುವುದು, ಕತ್ತಿಯನ್ನು ಬುಡಮೇಲು ಮಾಡಿ ಕಲ್ಲಿನಿಂದ ಸರಸರ ಎರಡು ಬದಿ ಎಳೆಯುವುದು, ಮತ್ತೆ ಕೊಯ್ಯುವುದು. ನನ್ನ ಒಳ್ಳೆಯ ಫೋಟೋ ಎಲ್ಲ ಆ ಗುಡ್ಡದ್ದೇ. ಯಾರೂ ಯಾರಿಗೂ ತಲೆ ತಿರುಗಿಸಿ ಅಂದಿರಲಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮೊದಲು ಆಯೋಜಕರಿಗೆ ಕೇಳಿ: ಒಂದು ಮನೆಗೆ ಒಂದು ಸಲಕ್ಕೆ ಎಷ್ಟು ಜನ ಹೋಗುತ್ತೇವೆ? ‘ಎಲ್ಲರೂ ಒಟ್ಟಿಗೆ’ ಅಂದರೆ ಬೇರೆ ಗುಂಪು ಹುಡುಕಿ. ಮೂರು ಮೂರು ಜನರಂತೆ ಒಡೆದು ಕಳಿಸುವವರು ಇದ್ದಾರೆ. ಎಷ್ಟು ರಾತ್ರಿ ಒಂದೇ ಹಳ್ಳಿಯಲ್ಲಿ ಅಂತಲೂ ಕೇಳಿ. ದಿನಕ್ಕೊಂದು ಊರು ಬದಲಿಸುವ ಪಟ್ಟಿ ನೋಡಲು ಚೆಂದ, ಕೆಲಸಕ್ಕೆ ಬಾರದು. ಇನ್ನು, ಪಟ್ಟಿಯಲ್ಲಿ ಭಾನುವಾರ ಎರಡು ಬರುತ್ತದಾ ನೋಡಿ. ಭಾನುವಾರ ಅಲ್ಲಿ ಹುಲ್ಲು ಕೊಯ್ಯುವುದಿಲ್ಲ, ಊರಿಗೆ ಊರೇ ಚರ್ಚಿಗೆ ಹೊರಡುತ್ತದೆ. ಹೆಂಗಸರು ತಲೆವಸ್ತ್ರ, ಹೂವಿನ ಲಂಗ. ಗಂಡಸರು ತಲೆಯ ತುದಿಯಲ್ಲಿ ಕೂರುವ ಪುಟಾಣಿ ಹುಲ್ಲಿನ ಟೋಪಿ. ಅದು ಪ್ರವಾಸಿಗರಿಗೆ ಅಂತ ಹಾಕಿದ್ದಲ್ಲ. ಮೊದಲ ಭಾನುವಾರ ಕ್ಯಾಮೆರಾ ಕೆಳಗಿಟ್ಟು ಮುಖ ತೋರಿಸಿ ಬನ್ನಿ, ಎರಡನೆಯದಕ್ಕೆ ತೆಗೆಯಿರಿ.

ಮರದ ಚರ್ಚುಗಳಲ್ಲಿ ಎಂಟನ್ನು ಯುನೆಸ್ಕೊ 1999ರಲ್ಲಿ ಪಟ್ಟಿಗೆ ಸೇರಿಸಿತು. ಶುರ್ದೆಷ್ಟ್ ಊರಿನದರ ಗೋಪುರವೇ 54 ಮೀಟರ್, ಪೂರ್ತಿ ಮರ. ಒಳಗೆ ಗೋಡೆ ತುಂಬ ಹಳೆಯ ಚಿತ್ರ. ಫ್ಲ್ಯಾಶ್ ಹಾರಿಸಬೇಡಿ, ಬಣ್ಣಕ್ಕೆ ಕೆಟ್ಟದ್ದು. ಸಪನ್ತ್ಸಾಕ್ಕೂ ಹೋಗಿ, ಬೇಡ ಅನ್ನುವುದಿಲ್ಲ. ನಾನು ಆಮೇಲೊಂದು ದಿನ ಹೋದೆ. ಸ್ಟಾನ್ ಇಯೊವಾನ್ ಪತ್ರಾಶ್ ಎಂಬ ಬಡಗಿ 1935ರಿಂದ ಶುರು ಮಾಡಿದ್ದು. ನೀಲಿ ಬಣ್ಣದ ಮರದ ಶಿಲುಬೆ, ಅದರ ಮೇಲೆ ಸತ್ತವನ ಬದುಕಿನ ಒಂದು ಚಿತ್ರ, ಕೆಳಗೆ ಅವನೇ ಮಾತಾಡಿದ ಹಾಗೆ ನಾಲ್ಕು ಸಾಲು ಪದ್ಯ. ಕುಡುಕನನ್ನು ಕುಡುಕ ಅಂತಲೇ ಬರೆದಿದ್ದಾರೆ. ಆದರೆ ಹತ್ತು ಗಂಟೆಯ ಮೇಲೆ ಟೂರಿಸ್ಟ್ ಬಸ್ಸುಗಳದ್ದೇ ಜಾತ್ರೆ. ಬೆಳಿಗ್ಗೆ ಬೇಗ ಹೋಗಿ.

ಊಟದ ವಿಷಯಕ್ಕೆ ಬರೋಣ. ನಾನೂ ಸಸ್ಯಾಹಾರಿ, ಉಪವಾಸ ಬೀಳಲಿಲ್ಲ. ಅಲ್ಲಿಯವರು ಆರ್ಥೊಡಾಕ್ಸ್ ಕ್ರೈಸ್ತರು. ಅವರ ವ್ರತದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಹಾಗಾಗಿ ವ್ರತದ ಅಡುಗೆ ಎಲ್ಲರ ಮನೆಗೂ ಗೊತ್ತು. ‘ದೆ ಪೋಸ್ಟ್’ ಅಂದರೆ ಸಾಕು, ತಕ್ಷಣ ಅರ್ಥ ಆಗುತ್ತದೆ. ‘ವೆಜಿಟೇರಿಯನ್’ ಅಂದರೆ ಕೆಲವರು ಕೋಳಿ ಸಾರು ತಂದಿಡುತ್ತಾರೆ. ವ್ರತದಲ್ಲಿ ಕೆಲವು ದಿನ ಮೀನಿಗೆ ಅಡ್ಡಿಯಿಲ್ಲ, ಆದ್ದರಿಂದ ಮೀನೂ ಬೇಡ ಅಂತ ಸೇರಿಸಿ. ಜೋಳದ ಹಿಟ್ಟಿನ ಮಮಲಿಗಾ ಅಂತ ಒಂದು ಗಟ್ಟಿ ಗಂಜಿ, ಅದರ ಮೇಲೆ ಚೀಸು, ಹುಳಿ ಕೆನೆ. ಬದನೆಕಾಯಿ ಮತ್ತು ಕೆಂಪು ದೊಣ್ಣೆಮೆಣಸು ಸುಟ್ಟು ಮಾಡಿದ ಜಕುಸ್ಕ, ಬ್ರೆಡ್ಡಿಗೆ ಹಚ್ಚಿ ತಿನ್ನಲು ಬಹಳ ಚೆನ್ನ. ಆದರೂ ಅಪ್ಪೆಮಿಡಿ ಬಾಟಲಿ ಒಯ್ಯಿರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ. ಮನೆಗೆ ಹೋದ ಕೂಡಲೇ ‘ಹೊರಿಂಕ’ ಅಂತ ಒಂದು ಸಣ್ಣ ಗ್ಲಾಸು ಮುಂದಿಡುತ್ತಾರೆ. ಹಣ್ಣಿನಿಂದ ಬಟ್ಟಿ ಇಳಿಸಿದ್ದು, ಗಂಟಲು ಸುಡುತ್ತದೆ. ಬೇಡ ಅಂದರೆ ಎದೆಯ ಮೇಲೆ ಕೈ ಇಟ್ಟು ನಕ್ಕುಬಿಡಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ವೀಸಾ: ರೊಮೇನಿಯಾ ಈಗ ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟ. 2024ರ ಮಾರ್ಚ್ ಕೊನೆಗೆ ವಿಮಾನ, ಹಡಗಿನ ಗಡಿ, 2025ರ ಜನವರಿ 1ರಿಂದ ರಸ್ತೆ ಗಡಿಯೂ ಸೇರಿತು. ಹಾಗಾಗಿ ಷೆಂಗೆನ್ ವೀಸಾನೇ ಬೇಕು. ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊದ ಪ್ರವಾಸಿ ವಿಮೆ ಕಡ್ಡಾಯ. ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ಸಂಬಳದ ಚೀಟಿ ಇಲ್ಲದಿದ್ದರೆ ಪಹಣಿ, ಸೊಸೈಟಿಯ ಅಡಿಕೆ ವಿಕ್ರಿ ಪಟ್ಟಿ, ಆದಾಯ ತೆರಿಗೆ ರಿಟರ್ನ್ ಹಾಕಿದ್ದರೆ ಅದು, ಎಲ್ಲಕ್ಕೂ ಇಂಗ್ಲಿಷ್ ಅನುವಾದ ಇಡಿ. ಸೊಸೈಟಿ ಪಾಸ್‌ಬುಕ್ ಒಂದನ್ನೇ ನಂಬಬೇಡಿ. ಖರ್ಚಿನ ಹಣ ಕೆಲವು ತಿಂಗಳು ಮೊದಲೇ ಬ್ಯಾಂಕ್ ಖಾತೆಯಲ್ಲಿ ಇರಲಿ. ಅರ್ಜಿಯ ಹಿಂದಿನ ದಿನ ಒಮ್ಮೆಗೇ ಲಕ್ಷಗಟ್ಟಲೆ ಬಿದ್ದರೆ ಅವರಿಗೆ ಅನುಮಾನ. ಪ್ಯಾಕೇಜಿನ ಮೇಲೆ ಟಿಸಿಎಸ್ ಅಂತ ಒಂದಿಷ್ಟು ತೆರಿಗೆ ಮೊದಲೇ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ.

ಬೇಲೇಕೇರಿ ಗಾಳಿ, ಅಂಕೋಲಾ

ಮಾಸ್ತರ್ರು ಆ ನೂಲುವ ಅಜ್ಜಿಯ ವಿಷಯ ಬರೆದದ್ದು ಓದಿ ಸುಮ್ನೆ ಇರಲಾಗಲಿಲ್ಲ. ನಾನು ಫೋಟೋ ತೆಗೆಯುವವಳಲ್ಲ. ಫೋಟೋ ತೆಗೆಸಿಕೊಳ್ಳುವವರ ಮನೆಯವಳು. ನಮ್ಮಜ್ಜಿ ಹಾಲಕ್ಕಿ ಒಕ್ಕಲು ಸಮುದಾಯದವಳು. ಕೊರಳ ತುಂಬ ಮಣಿಸರ, ಹಳೇ ಪದ್ಧತಿಯ ಸೀರೆ. ಕಾಡಿನ ಗಿಡ ಬೆಳೆಸಿ ಹೆಸರಾದ ನಮ್ಮ ಹಾಲಕ್ಕಿಯವರೇ ಆದ ತುಳಸಿ ಗೌಡ ಅವರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ಪದ್ಮಶ್ರೀ ತೆಗೆದುಕೊಂಡ ಫೋಟೋ ದೇಶ ತುಂಬ ಓಡಾಡಿತಲ್ಲ, ಆಮೇಲೆ ನಮ್ಮ ಕಡೆ ಕ್ಯಾಮೆರಾದವರು ಜಾಸ್ತಿ ಆದರು. ಹತ್ತು ಹದಿನೈದು ಜನ ಒಂದೇ ವ್ಯಾನಿನಲ್ಲಿ.

ಅವರಿಗೆ ಬೇಕಾದದ್ದು ಮಣಿಸರ. ‘ಅಮ್ಮಾ, ಇಲ್ಲಿ ನೋಡಿ, ನಗಬೇಡಿ’ ಅನ್ನುತ್ತಾರೆ. ಯಾಕೆ ನಗಬಾರದು? ನಮ್ಮಜ್ಜಿ ಬಾಯಿ ತುಂಬ ನಗುವವಳು. ಒಮ್ಮೆ ಅಂಗಳದಲ್ಲಿ ಒಣಗಿಸಿದ್ದ ಪ್ಲಾಸ್ಟಿಕ್ ಕೊಡವನ್ನು ಒಬ್ಬ ಕಾಲಿನಿಂದ ಪಕ್ಕಕ್ಕೆ ಸರಿಸಿದ, ಚಿತ್ರದಲ್ಲಿ ಬರಬಾರದಂತೆ. ಅಜ್ಜಿ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ಕೊಡ ತೊಳೆದು ಮತ್ತೆ ಅಲ್ಲೇ ಇಟ್ಟಳು. ಸುಗ್ಗಿ ಕುಣಿತ ಇಲ್ಲದ ತಿಂಗಳಲ್ಲಿ ಬಂದು ‘ತುರಾಯಿ ಕಟ್ಟಿಕೊಂಡು ನಾಲ್ಕು ಹೆಜ್ಜೆ ಕುಣಿಯಿರಿ’ ಅಂತ ಗಂಡಸರನ್ನು ಕೇಳಿದವರೂ ಇದ್ದಾರೆ. ದುಡ್ಡು ಕೊಡುತ್ತಾರಂತೆ.

ಎಲ್ಲರೂ ಹಾಗಲ್ಲ. ಒಬ್ಬ ಹುಡುಗಿ ಬಂದಿದ್ದಳು, ಹೊನ್ನಾವರ ಕಡೆಯವಳು. ಅಜ್ಜಿ ಶೇಂಗಾ ಬಿಡಿಸುತ್ತಿದ್ದಳು, ಇವಳೂ ಕೂತು ಬಿಡಿಸಿದಳು. ಹೋಗುವಾಗ ಕೇಳಿ ಎರಡು ಫೋಟೋ ತೆಗೆದಳು. ತಿಂಗಳೊಳಗೆ ದೊಡ್ಡ ಪ್ರಿಂಟ್ ಪೋಸ್ಟಿನಲ್ಲಿ ಬಂತು. ನಮ್ಮ ಗೋಡೆಯ ಮೇಲೆ ಇರುವುದು ಅದೊಂದೇ. ಉಳಿದವರೆಲ್ಲ ‘ಕಳಿಸ್ತೇವೆ’ ಅಂತ ನಂಬರು ಬರೆದುಕೊಂಡು ಹೋದವರೇ.

ಶಿರಸಿ ಅಣ್ಣ, ನೀವು ಹೋಗಿ. ಆದರೆ ಆ ದೇಶದ ಅಜ್ಜಿಯರಿಗೂ ಒಂದು ಪ್ರಿಂಟ್ ಸಿಗುವ ಹಾಗೆ ನೋಡಿಕೊಳ್ಳಿ. ಪ್ಲಾಸ್ಟಿಕ್ ಕೊಡ ಅಲ್ಲೂ ಇರುತ್ತದೆ, ಅದು ಅಲ್ಲೇ ಇರಲಿ.

ತೋಟದ ಬದಿ, ಶಿರಸಿ

ತಂಗಿ, ನಿಮ್ಮ ಮಾತು ನಾಟಿತು. ಬೇಡರ ವೇಷದ ರಾತ್ರಿ ನಮ್ಮ ಶಿರಸಿ ಬೀದಿಯಲ್ಲೂ ಇದೇ ಆಗುತ್ತದೆ. ವೇಷಧಾರಿಗೆ ಕುಣಿಯಲು ಜಾಗ ಬಿಡದಷ್ಟು ಮೊಬೈಲು, ಕ್ಯಾಮೆರಾ.

ಮಾಸ್ತರ್ರೇ, ಇಷ್ಟು ಬರೆದದ್ದಕ್ಕೆ ಏನು ಹೇಳಲಿ. ಎರಡೇ ಪ್ರಶ್ನೆ ಉಳಿದಿದೆ. ಜೂನೋ ಅಕ್ಟೋಬರೋ? ಮತ್ತೆ ನನ್ನ ಮನೆಯವಳು ಮ್ಯಾಪ್ ನೋಡಿ ‘ಇದು ಯುಕ್ರೇನ್ ಪಕ್ಕದಲ್ಲೇ ಉಂಟಲ್ಲ’ ಅಂತ ಕೂತಿದ್ದಾಳೆ. ಅವಳಿಗೆ ಏನು ಹೇಳಲಿ?

ನಿವೃತ್ತ ಮಾಸ್ತರು, ಕುಮಟಾ

ಅವರು ಹೇಳಿದ್ದು ಸುಳ್ಳಲ್ಲ. ಮರಮುರೆಶ್‌ನ ಸಿಗೆತ್ ಪೇಟೆಯ ಅಂಚಿನಲ್ಲಿ ತಿಸಾ ನದಿ, ಆಚೆ ದಡ ಯುಕ್ರೇನ್. ಈಚೆ ಬದಿ ನೇಟೋ ಎಂಬ ಸೇನಾ ಒಕ್ಕೂಟದ ದೇಶ, ಸಂತೆ, ಶಾಲೆ ಎಲ್ಲ ಮಾಮೂಲು ನಡೆಯುತ್ತಿತ್ತು. ನದಿಯ ಕಡೆಗೆ ದೊಡ್ಡ ಲೆನ್ಸ್ ತಿರುಗಿಸಿ ನಿಲ್ಲುವುದು, ಡ್ರೋನ್ ಹಾರಿಸುವುದು ಮಾತ್ರ ಬೇಡವೇ ಬೇಡ. ಡ್ರೋನ್ ಮನೆಯಲ್ಲೇ ಬಿಡಿ. ಹೊರಡುವ ಮೊದಲು ನಮ್ಮ ರಾಯಭಾರ ಕಚೇರಿಯ ಸೂಚನೆ ಏನಿದೆ ನೋಡಿಕೊಳ್ಳಿ, ಅದನ್ನು ಅವರಿಗೂ ಓದಿ ಹೇಳಿ.

ತಿಂಗಳು: ನೀವು ತೋಟದವರು, ಜೂನ್ ಕೊನೆಗೆ ಹೇಗೆ ಬಿಟ್ಟು ಹೋಗುತ್ತೀರಿ? ಮಳೆ ಹಿಡಿದಿರುತ್ತದೆ, ಬೋರ್ಡೋ ಮದ್ದು ಹೊಡೆಯಲು ಅಡಿಕೆ ಮರ ಹತ್ತುವ ಕೊನೆಗೌಡ ಸಿಗುವ ದಿನ ನೀವು ರೊಮೇನಿಯಾದಲ್ಲಿದ್ದರೆ ಕೊಳೆ ರೋಗಕ್ಕೆ ಯಾರು ಜವಾಬ್ದಾರಿ? ಅಕ್ಟೋಬರ್ ಮೊದಲ ವಾರ ಆದರೆ ಅಡಿಕೆ ಕೊನೆಕೊಯ್ಲು ಶುರುವಾಗುವುದರೊಳಗೆ ಬಂದು ಸೇರಬಹುದು.

ಬೆಳಕಿನ ಲೆಕ್ಕದಲ್ಲೂ ನಾನು ಅಕ್ಟೋಬರ್ ಅನ್ನುತ್ತೇನೆ. ಜೂನಿನಲ್ಲಿ ಅಲ್ಲಿ ಬೆಳಿಗ್ಗೆ ಐದೂವರೆಯೊಳಗೆ ಸೂರ್ಯ ಹುಟ್ಟಿ ರಾತ್ರಿ ಒಂಬತ್ತೂ ಕಾಲು ದಾಟಿದ ಮೇಲೆ ಮುಳುಗುತ್ತಾನೆ. ಒಳ್ಳೆಯ ಬೆಳಕು ಎರಡೂ ತುದಿಯಲ್ಲಿ. ಎರಡನ್ನೂ ಹಿಡಿಯಲು ಹೋದವರು ಮಧ್ಯಾಹ್ನ ಬಸ್ಸಿನಲ್ಲಿ ಬಾಯಿ ತೆರೆದು ಮಲಗಿರುತ್ತಾರೆ. ಅಕ್ಟೋಬರಿನಲ್ಲಿ ಏಳೂವರೆಗೆ ಉದಯ, ಸಂಜೆ ಏಳರೊಳಗೆ ಅಸ್ತ. ಮನುಷ್ಯರು ನಿದ್ದೆ ಮಾಡಬಹುದಾದ ವೇಳಾಪಟ್ಟಿ. ಕಣಿವೆಯಲ್ಲಿ ಬೆಳಿಗ್ಗೆ ಮಂಜು, ಮರಗಳೆಲ್ಲ ಹಳದಿ ಕೆಂಪು. ಬಣವೆ ಕಟ್ಟುವುದು ಸಿಗಲಿಕ್ಕಿಲ್ಲ, ಕಟ್ಟಿದ ಬಣವೆ ಇರುತ್ತದೆ. ಬೇಸಿಗೆಯಿಡೀ ಬೆಟ್ಟದ ಮೇಲಿದ್ದ ಕುರಿಮಂದೆ ಕೆಳಗಿಳಿಯುವುದು ಆಗಲೇ. ಮನೆಮನೆಯಲ್ಲಿ ಸೇಬು, ಪ್ಲಮ್ಮು ಹರಡಿರುತ್ತಾರೆ. ಚಳಿ ಇದೆ, ಸ್ವೆಟರು ಎರಡು ಇರಲಿ. ಜಾರದ ಬೂಟು ಹಾಕಿ. ಕ್ಲುಜ್ ವಿಮಾನ ನಿಲ್ದಾಣದಿಂದ ಸುಮಾರು 200 ಕಿ.ಮೀ. ಬೆಟ್ಟದ ರಸ್ತೆ, ಸೊಂಟದ ನೋವಿದ್ದರೆ ಮುಂದಿನ ಸೀಟು ಮೊದಲೇ ಹಿಡಿಯಿರಿ.

ಅಂಕೋಲೆಯ ತಂಗಿ ಹೇಳಿದ ಪ್ರಿಂಟಿಗೆ ಒಂದು ದಾರಿ ಇದೆ. ನಾನು ಇನ್‌ಸ್ಟಾಕ್ಸ್ ಪ್ರಿಂಟರ್ ಒಯ್ದಿದ್ದೆ, ಅಂಗೈಯಷ್ಟೇ ದೊಡ್ಡದು. ಫೋನಿಗೆ ಫೋಟೋ ಹಾಕಿಕೊಂಡು ಅಲ್ಲೇ ಪ್ರಿಂಟ್ ತೆಗೆದು ಕೈಗೆ ಕೊಡಬಹುದು. ಅದರ ಫಿಲ್ಮ್ ಕೈಚೀಲದಲ್ಲಿ ಇರಲಿ, ಚೆಕ್‌ಇನ್ ಸಾಮಾನಿನ ಎಕ್ಸ್‌ರೇಗೆ ಹಾಳಾಗುತ್ತದೆ. ಒಂದು ಮನೆಯಲ್ಲಿ ಕೊಟ್ಟರೆ ಮರುದಿನ ಪಕ್ಕದ ಮನೆಯವರೇ ಕರೆಯುತ್ತಾರೆ. ಮಕ್ಕಳಿಗೆ ಚಾಕಲೇಟು, ಚಿಲ್ಲರೆ ಹಂಚುವುದು ಬೇಡ. ತೆಗೆಯುವ ಮೊದಲು ಕ್ಯಾಮೆರಾ ತೋರಿಸಿ ಹುಬ್ಬೇರಿಸಿದರೂ ಸಾಕು, ಭಾಷೆ ಬೇಕಿಲ್ಲ. ಬೇಡ ಅಂತ ಕೈ ಆಡಿಸಿದರೆ ಬೇಡ. ‘ಮುಲ್ತ್ಸುಮೆಸ್ಕ್’ ಅನ್ನಿ, ಅಂದರೆ ಧನ್ಯವಾದ, ಮುಂದೆ ನಡೆಯಿರಿ.

ತೋಟದ ಬದಿ, ಶಿರಸಿ

ಅಕ್ಟೋಬರ್ ಅಂತ ತೀರ್ಮಾನ ಆಯಿತು. ಆಯೋಜಕರಿಗೆ ಮೆಸೇಜು ಹಾಕಿದೆ: ಒಂದು ಮನೆಗೆ ಎಷ್ಟು ಜನ, ಒಂದೇ ಹಳ್ಳಿಯಲ್ಲಿ ಎಷ್ಟು ರಾತ್ರಿ, ಭಾನುವಾರ ಎರಡು ಬರುತ್ತದಾ. ಮೂರನೆಯದಕ್ಕೆ ಮಾತ್ರ ಉತ್ತರ ಬಂದಿದೆ: ‘ಒಂದೇ ಭಾನುವಾರ ಸರ್, ಯಾಕೆ ಕೇಳಿದ್ರಿ?’ ಉಳಿದದ್ದಕ್ಕೆ ‘ಫೋನ್ ಮಾಡ್ತೀವಿ’. ಫೋನು ಬರುವವರೆಗೆ ಮುಂಗಡ ಕೊಡುವುದಿಲ್ಲ. ಮನೆಯವಳಿಗೆ ನೇಟೋ ಅಂದರೆ ಏನು ಅಂತ ವಿವರಿಸಿ ಸಾಕಾಯಿತು.

ಕಾರವಾರದವರೇ, ನನ್ನ ಬಳಿ 35 ಎಂಎಂ ಇಲ್ಲ. ಕೊಳ್ಳಲೋ, ಬಾಡಿಗೆಗೆ ಸಿಗುತ್ತದೋ?

ಕಾಳಿ ದಡ, ಕಾರವಾರ

ಕೊಳ್ಳುವುದು ಯಾಕೆ, ನನ್ನ ಬಳಿ ಇದೆ. ಬಂದು ಒಯ್ಯಿರಿ. ನಿಮ್ಮ ಕ್ಯಾಮೆರಾ ಯಾವ ಕಂಪನಿದು ಅಂತ ಮೊದಲು ಹೇಳಿ, ನನ್ನದು ನಿಕಾನ್ ಝಡ್ ಮೌಂಟ್. ಬಾಡಿಗೆ ಬೇಡ. ಬರುವಾಗ ಒಂದಿಷ್ಟು ಅಪ್ಪೆಮಿಡಿ ತನ್ನಿ. ಶನಿವಾರ ಮಾತ್ರ ಬೇಡ, ಅವತ್ತು ಆಟ ಇದೆ, ನಾನು ಚೌಕಿಯಲ್ಲಿರುತ್ತೇನೆ.